ಬಾಂಡ್‌ಗೆ ಸಹಿ ಹಾಕಿದ್ದೇನೆ, ಇನ್ನೂ ಸೇರಿಲ್ಲ. ಈಗ ಬೇಡ ಅನ್ನಬಹುದಾ?

ದಾವಣಗೆರೆ ಹುಡುಗ:
ಎಲ್ಲರಿಗೂ ನಮಸ್ಕಾರ. ಈ ವರ್ಷ ಬಿಇ ಮುಗಿಯಿತು. ಬೆಂಗಳೂರಿನ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ವರ್ಷಕ್ಕೆ 2.8 ಲಕ್ಷದ ಕೆಲಸ ಸಿಕ್ಕಿತ್ತು. ಸೇರುವ ಮುಂಚೆಯೇ 2 ವರ್ಷದ ಬಾಂಡ್ ಬರೆಸಿಕೊಂಡರು, ಮಧ್ಯದಲ್ಲಿ ಬಿಟ್ಟರೆ 1.5 ಲಕ್ಷ ಕಟ್ಟಬೇಕಂತೆ. ಇ-ಸ್ಟಾಂಪ್ ಪೇಪರ್ ನಾನೇ ಸೌಹಾರ್ದ ಸೊಸೈಟಿಯಲ್ಲಿ ತಗೊಂಡು ಹೋಗಿದ್ದೆ, ಅದರ ದುಡ್ಡೂ ನಂದೇ! ಅಪ್ಪ ಜಾಮೀನುದಾರ ಅಂತ ಸಹಿ ಹಾಕಿದ್ದಾರೆ. ಸಾಲದ್ದಕ್ಕೆ ಎಸ್ಸೆಸ್ಸೆಲ್ಸಿ, ಪಿಯುಸಿ ಒರಿಜಿನಲ್ ಮಾರ್ಕ್ಸ್ ಕಾರ್ಡು ಮತ್ತು ಮೊತ್ತ ಬರೆಯದ ಒಂದು ಚೆಕ್ಕು ಅವರ ಹತ್ತಿರ ಇದೆ.

ಸೇರೋಕೆ ಇನ್ನು 9 ದಿನ ಇದೆ. ನಿನ್ನೆ ಮೈಸೂರಿನಿಂದ ಇನ್ನೊಂದು ಆಫರ್ ಬಂತು. 4.5 ಲಕ್ಷ, ಬಾಂಡ್ ಇಲ್ಲ. ಅಪ್ಪ "ಸಹಿ ಹಾಕಿದ ಮೇಲೆ ಮುಗೀತು" ಅಂತಾರೆ. ಅಮ್ಮ ಪೊಲೀಸರು ಮನೆಗೆ ಬರ್ತಾರಾ ಅಂತ ಕೇಳ್ತಿದ್ದಾರೆ. ಸುಮ್ನೆ ಹೋಗದೆ ಇದ್ದುಬಿಡಲಾ?

ರಾಗಿಮುದ್ದೆ:
ಸುಮ್ನೆ ಇರುವ ಕೆಲಸ ಮಾತ್ರ ಮಾಡಬೇಡ ಗುರು. ನಾನು ಅದನ್ನೇ ಮಾಡಿ ಕೆಟ್ಟೆ. ಫೋನ್ ಎತ್ತಲಿಲ್ಲ, ಮೇಲ್‌ಗೆ ಉತ್ತರ ಕೊಡಲಿಲ್ಲ. ಒಂದು ತಿಂಗಳಾದ ಮೇಲೆ ಊರಿಗೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ವಕೀಲರ ನೋಟಿಸು ಬಂತು, ಅದೂ ಜಾಮೀನು ಹಾಕಿದ್ದ ನಮ್ಮ ಮಾವನ ಹೆಸರಿಗೆ. ಮಾವ ಅದನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡು ನಮ್ಮ ತಂಗಿಯ ನಿಶ್ಚಿತಾರ್ಥಕ್ಕೆ ಬಂದಿದ್ದರು, ಊಟಕ್ಕೆ ಕೂತಾಗ ಎಲೆ ಪಕ್ಕ ತೆಗೆದಿಟ್ಟರು. ಆ ಪಾಯಸದ ರುಚಿ ಇವತ್ತಿಗೂ ನೆನಪಿಲ್ಲ. ನಮ್ಮ ವಕೀಲರು ಒಂದು ಉತ್ತರ ಬರೆದ ಮೇಲೆ ಅವರ ಕಡೆಯಿಂದ ಸದ್ದೇ ಇಲ್ಲ, ಆದರೆ ಆ ಎರಡು ತಿಂಗಳು ಮನೆಯಲ್ಲಿ ಯಾರೂ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಕರಿಕೋಟು:
ವಕೀಲಿ ಮಾಡ್ತೀನಿ, ನಿಮ್ಮ ಕಾಗದ ನೋಡಿಲ್ಲ, ಆದ್ದರಿಂದ ಸಾಮಾನ್ಯವಾಗಿ ಹೇಳುತ್ತೇನೆ.

ಮೊದಲು ಅಮ್ಮನಿಗೆ ಧೈರ್ಯ ಹೇಳಿ. ಬಾಂಡ್ ಮುರಿಯುವುದು ಸಿವಿಲ್ ವಿಷಯ, ಅದಕ್ಕೆ ಪೊಲೀಸರು ಬರುವುದಿಲ್ಲ. ಮನಸ್ಸಿಲ್ಲದವರನ್ನು ಕೆಲಸಕ್ಕೆ ಹೋಗು ಅಂತ ಕೋರ್ಟೂ ಕಳಿಸುವುದಿಲ್ಲ. ಕಂಪನಿ ಕೇಳಬಹುದಾದ್ದು ದುಡ್ಡು ಮಾತ್ರ. ಅದರಲ್ಲೂ 1872ರ ಕರಾರು ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಕಾಗದದಲ್ಲಿ ಬರೆದ 1.5 ಲಕ್ಷ ಗರಿಷ್ಠ ಮಿತಿ ಅಷ್ಟೆ. ಅದರೊಳಗೆ ಎಷ್ಟು ನ್ಯಾಯವೋ ಅಷ್ಟನ್ನು ಕೋರ್ಟು ಕೊಡಿಸುತ್ತದೆ. ನೀವು ಒಂದು ದಿನವೂ ಟ್ರೈನಿಂಗ್ ತಗೊಂಡಿಲ್ಲ, ಸಂಬಳ ತಗೊಂಡಿಲ್ಲ. ಅವರಿಗೆ ಏನು ಖರ್ಚಾಯಿತು ಅಂತ ತೋರಿಸೋದು ಕಷ್ಟ.

ಹಾಗಂತ "ಬಾಂಡ್‌ಗೆ ಕಾನೂನಲ್ಲಿ ಬೆಲೆಯೇ ಇಲ್ಲ" ಅನ್ನುವವರ ಮಾತು ನಂಬಬೇಡಿ. 2025ರ ಮೇ ತಿಂಗಳಲ್ಲಿ ವಿಜಯಾ ಬ್ಯಾಂಕ್ ಕೇಸಿನಲ್ಲಿ ಸುಪ್ರೀಂ ಕೋರ್ಟು ಬಾಂಡನ್ನು ಎತ್ತಿಹಿಡಿದಿದೆ. 3 ವರ್ಷದೊಳಗೆ ಬಿಟ್ಟರೆ 2 ಲಕ್ಷ ಅಂತ ಷರತ್ತಿತ್ತು. ಅಧಿಕಾರಿಯೊಬ್ಬರು 2009ರಲ್ಲಿ ಬೇರೆ ಬ್ಯಾಂಕಿಗೆ ಹೋಗುವಾಗ ತಕರಾರು ಹೇಳಿಯೇ ಹಣ ಕಟ್ಟಿ, ಆಮೇಲೆ ಕೋರ್ಟಿಗೆ ಹೋದರು. ನಮ್ಮ ಹೈಕೋರ್ಟು ಅವರ ಪರ ನಿಂತಿತ್ತು, ಸುಪ್ರೀಂ ಕೋರ್ಟು ಬ್ಯಾಂಕಿನ ಪರ. ಸರ್ಕಾರಿ ಬ್ಯಾಂಕು ಒಂದು ಹುದ್ದೆ ತುಂಬಬೇಕಾದರೆ ಮತ್ತೆ ಜಾಹೀರಾತು, ಪರೀಕ್ಷೆ ಎಲ್ಲ ಮಾಡಬೇಕು, ಸೀನಿಯರ್ ಮ್ಯಾನೇಜರ್ ಸಂಬಳಕ್ಕೆ 2 ಲಕ್ಷ ಅತಿಯಲ್ಲ ಅನ್ನುವುದು ಅದರ ಲೆಕ್ಕ. ಅವರು ಸೇರಿ ಕೆಲಸ ಮಾಡಿ ಬಿಟ್ಟವರು, ನೀವು ಸೇರೇ ಇಲ್ಲ. ಈ ವ್ಯತ್ಯಾಸವೇ ನಿಮ್ಮ ಬಲ.

ಆದ್ದರಿಂದ ಬಾಂಡ್ ಪ್ರತಿ ತೆಗೆದು ಒಂದು ಸಾಲು ಹುಡುಕಿ. 2 ವರ್ಷದ ಲೆಕ್ಕ ಸೇರಿದ ದಿನದಿಂದಲೋ, ಸಹಿ ಹಾಕಿದ ದಿನದಿಂದಲೋ? ಸೇರದಿದ್ದರೂ ಕಟ್ಟಬೇಕು ಅಂತ ಬೇರೆ ಎಲ್ಲಾದರೂ ಇದೆಯಾ?

ನನಗೆ ಬಾಂಡಿಗಿಂತ ಆ ಚೆಕ್ಕಿನದೇ ಜಾಸ್ತಿ ಯೋಚನೆ. ಅದನ್ನು ಬ್ಯಾಂಕಿಗೆ ಹಾಕಿ ಬೌನ್ಸ್ ಆದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್‌ನಲ್ಲಿ ಕೇಸು ಹಾಕಬಹುದು, ಅದು ಕ್ರಿಮಿನಲ್. ಕೊಡಬೇಕಾದ ಬಾಕಿಯೇ ಇಲ್ಲದಿದ್ದರೆ ಆ ಕೇಸು ನಿಲ್ಲಬಾರದು, ಆದರೂ ಅಲೆದಾಟ ತಪ್ಪಲ್ಲ. ಚೆಕ್ ಬೌನ್ಸ್ ಆಯಿತು ಅಂತ ನೋಟಿಸು ಕೈಗೆ ಬಂದರೆ 15 ದಿನವಷ್ಟೇ ಟೈಮು. ಅದನ್ನು ಮಾತ್ರ ಮಡಿಚಿ ಜೇಬಿನಲ್ಲಿಡಬೇಡಿ.

ಎಚ್ಆರಮ್ಮ:
ನಾನು ಆ ಕಡೆ ಕೂರುವವಳು, 11 ವರ್ಷ ಆಯ್ತು. ಸೇರುವ ದಿನ ಬೆಳಗ್ಗೆ ಫೋನ್ ಆಫ್ ಮಾಡುವವರ ಮೇಲೆ ಬರುವ ಸಿಟ್ಟು, ವಾರ ಮುಂಚೆ ಹೇಳಿದವರ ಮೇಲೆ ಬರಲ್ಲ. ಇವತ್ತೇ ಮೇಲ್ ಹಾಕಪ್ಪ. ಅಜ್ಜಿಗೆ ಹುಷಾರಿಲ್ಲ ಅಂತೆಲ್ಲ ಕಥೆ ಬೇಡ, ಅಂಥ ಅಜ್ಜಿಯರನ್ನು ಬಹಳ ನೋಡಿದ್ದೇವೆ. "ಇಂಥ ತಾರೀಕಿಗೆ ಸೇರಲು ಆಗುತ್ತಿಲ್ಲ, ಆಫರ್ ವಾಪಸ್ ಮಾಡುತ್ತಿದ್ದೇನೆ, ನನ್ನ ಮಾರ್ಕ್ಸ್ ಕಾರ್ಡು ಮತ್ತು ಇಂಥ ನಂಬರಿನ ಚೆಕ್ಕು ಹಿಂತಿರುಗಿಸಿ" ಅಷ್ಟೇ ಸಾಕು. "ನಾನು ಬಾಂಡ್ ಮುರಿಯುತ್ತಿದ್ದೇನೆ" ಅಂತ ನೀನಾಗಿ ಬರೆದುಕೊಡಬೇಡ. ಒರಿಜಿನಲ್ ಇಟ್ಟುಕೊಳ್ಳುವುದು ಅವರದೇ ತಪ್ಪು, ಅದು ಅವರಿಗೂ ಗೊತ್ತಿರುತ್ತೆ.

ಮೈಸೂರಿನ ಕಂಪನಿಗೆ ಗೊತ್ತಾಗುತ್ತಾ ಅನ್ನುವ ಭಯ ಇದ್ದರೆ, ಸೇರದೆ ಇದ್ದಾಗ ಪಿಎಫ್ ಕಟ್ಟಿರುವುದಿಲ್ಲ, ಹಾಗಾಗಿ ಪಿಎಫ್ ದಾಖಲೆಯಲ್ಲಿ ಏನೂ ಕಾಣಲ್ಲ. ಮೈಸೂರಿನ ಆಫರ್ ಲೆಟರ್ ಕೈಗೆ ಬಂದಿದೆ ತಾನೆ? ಬರೀ ಫೋನಿನಲ್ಲಿ ಹೇಳಿದ್ದರೆ ಲೆಟರ್ ಬರುವ ತನಕ ತಡಿ.

ಹಳೇಬೇರು:
ಎಲ್ಲರೂ ಹುಡುಗನ ಬೆನ್ನು ತಟ್ಟುತ್ತಿದ್ದೀರಿ. ಓದದೆ ಸಹಿ ಹಾಕಿ, ಅಪ್ಪನ ಕೈಲೂ ಹಾಕಿಸಿದ್ದು ಯಾರು? ನಿಮ್ಮ ಅಪ್ಪ ಹೇಳುವುದರಲ್ಲೂ ಅರ್ಥ ಇದೆ ತಮ್ಮಾ. ಹೋಗು, ತಪ್ಪಲ್ಲ, ಆದರೆ ಅಪ್ಪನನ್ನು ಕೂರಿಸಿಕೊಂಡು ಬಾಂಡ್ ಓದಿ ಹೇಳು.

ದಾವಣಗೆರೆ ಹುಡುಗ:
ಓದಿದೆವು ಸರ್, ಅಪ್ಪನೇ ಕನ್ನಡಕ ಹಾಕಿಕೊಂಡು ಬೆರಳಿಟ್ಟು ಓದಿದರು. ಸೇರಿದ ದಿನದಿಂದ 24 ತಿಂಗಳು ಅಂತ ಇದೆ, ಸೇರದಿದ್ದರೆ ಏನು ಅಂತ ಎಲ್ಲೂ ಇಲ್ಲ. ಮೈಸೂರಿನ ಲೆಟರ್ ಬಂದಿದೆ. ಸೋಮವಾರ ಮೇಲ್ ಹಾಕಿದೆ. ಮೊದಲು ಫೋನಿನಲ್ಲಿ ಕೂಗಾಡಿದರು, ನಿನ್ನೆ ಅಪ್ಪನ ಜೊತೆ ಹೋದಾಗ ಮಾರ್ಕ್ಸ್ ಕಾರ್ಡು ಕೊಟ್ಟರು. ಚೆಕ್ಕು ಮಾತ್ರ "ಅಕೌಂಟ್ಸ್‌ನವರು ರಜೆ, ಮುಂದಿನ ವಾರ ಬನ್ನಿ" ಅಂದರು.

ಕರಿಕೋಟು:
ಮುಂದಿನ ವಾರದ ತನಕ ಕಾಯಬೇಡಿ. "ನಿನ್ನೆ ಬಂದಿದ್ದೆವು, ಚೆಕ್ಕು ಕೊಡಲಿಲ್ಲ, ಭದ್ರತೆಗೆ ಅಂತ ಕೊಟ್ಟದ್ದು, ಯಾವ ಬಾಕಿಯೂ ಇಲ್ಲ" ಅಂತ ಇವತ್ತೇ ಇನ್ನೊಂದು ಮೇಲ್ ಹಾಕಿ. ಚೆಕ್ ನಂಬರ್ ಬರೆಯಲು ಮರೆಯಬೇಡಿ.