ಮ್ಯಾನುವಲ್ ಟೆಸ್ಟಿಂಗ್ ಕೆಲಸ ಹೋಯಿತು, ಎಐ ಕಲಿತರೆ ಮತ್ತೆ ಸಿಗುತ್ತಾ?

ಪ್ರಶ್ನೆ (ವಿಜಯನಗರ, ಬೆಂಗಳೂರು):

ನಮಸ್ತೆ ಸರ್. ನನಗೆ 38 ವರ್ಷ. ದಾವಣಗೆರೆಯಲ್ಲಿ ಬಿಎಸ್ಸಿ ಮುಗಿಸಿ ಬೆಂಗಳೂರಿಗೆ ಬಂದವಳು. ಒಂದೇ ಕಂಪನಿಯಲ್ಲಿ 11 ವರ್ಷ ಮ್ಯಾನುವಲ್ ಟೆಸ್ಟಿಂಗ್ (ಸಾಫ್ಟ್‌ವೇರ್ ಸರಿ ಇದೆಯಾ ಅಂತ ಕೈಯಾರೆ ನಡೆಸಿ ನೋಡೋದು) ಮಾಡಿದ್ದೇನೆ, ಅದರಲ್ಲೂ ಆರೋಗ್ಯ ವಿಮೆಯ ಕ್ಲೇಮ್ ಅಪ್ಲಿಕೇಶನ್‌ಗಳೇ ಹೆಚ್ಚು. ಹೋದ ತಿಂಗಳು ಎಚ್‌ಆರ್ ಕರೆದು, ಪ್ರಾಜೆಕ್ಟ್ ಇಲ್ಲ ಅಂದರು. ಈಗ ನೋಟಿಸ್ ಪೀರಿಯಡ್ ನಡೀತಿದೆ, ಇನ್ನು ಕೆಲವೇ ವಾರ. ಮನೆ ಸಾಲದ ಕಂತು ಇದೆ, ಮಗಳು ಆರನೇ ಕ್ಲಾಸು. ನೋಡಿದವರೆಲ್ಲ ಎಐ ಕಲಿ ಅಂತಾರೆ. ಒಂದು ಸಂಸ್ಥೆಯವರು ದಿನಾ ಫೋನ್ ಮಾಡ್ತಿದ್ದಾರೆ: 2.8 ಲಕ್ಷದ ಕೋರ್ಸು, ಕೆಲಸ ಗ್ಯಾರಂಟಿ, ಬಡ್ಡಿ ಇಲ್ಲದ ಕಂತು. ನನಗೆ ಎಸ್‌ಕ್ಯೂಎಲ್ (ಡೇಟಾಬೇಸ್‌ನಿಂದ ಮಾಹಿತಿ ತೆಗೆಯುವ ಭಾಷೆ) ಬರುತ್ತೆ, ಬೇರೆ ಕೋಡಿಂಗ್ ಗೊತ್ತಿಲ್ಲ. ಸೇರಲಾ? ಈ ವಯಸ್ಸಿನಲ್ಲಿ ಡೇಟಾ ಸೈಂಟಿಸ್ಟ್ ಆಗೋಕೆ ಆಗುತ್ತಾ?

ಉತ್ತರ (ಎಐ ಉತ್ಪನ್ನಗಳ ಗುಣಮಟ್ಟ ತಂಡ ನಡೆಸುವವರು):

ಸೇರಬೇಡಿ ಮೇಡಂ. ಬಡ್ಡಿ ಇಲ್ಲದ ಕಂತು ಅಂತ ಅವರು ಹೇಳ್ತಿರೋದು ಹೆಚ್ಚಿನ ಕಡೆ ನಿಮ್ಮ ಪ್ಯಾನ್ ಮೇಲೆ ಒಂದು ಫೈನಾನ್ಸ್ ಕಂಪನಿ ಕೊಡುವ ಸಾಲ. ದುಡ್ಡು ಮೊದಲೇ ಸಂಸ್ಥೆಯ ಕೈ ಸೇರಿರುತ್ತೆ. ಪಾಠ ಚೆನ್ನಾಗಿಲ್ಲ ಅಂತ ನೀವು ಬಿಟ್ಟರೂ, ಸಂಸ್ಥೆಯೇ ಬಾಗಿಲು ಹಾಕಿದರೂ ಕಂತು ನಿಲ್ಲಲ್ಲ. ಕಟ್ಟದಿದ್ದರೆ ಸಿಬಿಲ್ ಸ್ಕೋರ್ ಬೀಳುತ್ತೆ, ಆಮೇಲೆ ಮನೆ ಸಾಲವನ್ನು ಬೇರೆ ಬ್ಯಾಂಕಿಗೆ ಬದಲಾಯಿಸಬೇಕು ಅಂದರೂ ಕಷ್ಟ. ಗ್ಯಾರಂಟಿಯ ಪತ್ರವನ್ನು ಲಿಖಿತದಲ್ಲಿ ಕೇಳಿ, ಕೊನೆಯ ಪುಟದವರೆಗೂ ಓದಿ. ಷರತ್ತುಗಳೆಲ್ಲ ಅಲ್ಲೇ ಕೂತಿರುತ್ತವೆ.

ಡೇಟಾ ಸೈಂಟಿಸ್ಟ್ ಆಗುವ ಯೋಚನೆಯನ್ನೂ ಸದ್ಯಕ್ಕೆ ಬಿಡಿ. ವಯಸ್ಸಿನ ಕಾರಣಕ್ಕೆ ಹೇಳ್ತಿಲ್ಲ. ಆ ಸಾಲಿನಲ್ಲಿ ಸಂಖ್ಯಾಶಾಸ್ತ್ರದಲ್ಲಿ ಎಂಎಸ್ಸಿ ಮಾಡಿದ 24ರ ಹುಡುಗರ ಜೊತೆ ನೀವು ಹೊಸಬರಾಗಿ ನಿಲ್ಲಬೇಕಾಗುತ್ತೆ, ನಿಮ್ಮ 11 ವರ್ಷಕ್ಕೆ ಅಲ್ಲಿ ಬೆಲೆ ಇರಲ್ಲ. ಆ ಅನುಭವಕ್ಕೇ ಬೆಲೆ ಕೊಡುವ ಕೆಲಸ ಬೇರೆ ಇದೆ. ವಿಮೆ ಕಂಪನಿಗಳು, ಬ್ಯಾಂಕುಗಳು, ಬೆಂಗಳೂರಿನಲ್ಲಿರುವ ವಿದೇಶಿ ಕಂಪನಿಗಳ ಸ್ವಂತ ಕೇಂದ್ರಗಳು ಈಗ ಗ್ರಾಹಕರ ಪ್ರಶ್ನೆಗೆ ಉತ್ತರಿಸುವ ಚಾಟ್‌ಬಾಟ್ ಕಟ್ಟುತ್ತಿವೆ. ಕಟ್ಟುವುದಕ್ಕೆ ಜನ ಸಿಗ್ತಾರೆ. ಅದು ಹೇಳಿದ್ದು ಸರಿಯೋ ತಪ್ಪೋ ಅಂತ ಪಟ್ಟು ಹಿಡಿದು ನೋಡುವವರು, ಅದರಲ್ಲೂ ಕ್ಲೇಮ್ ಗೊತ್ತಿರುವವರು, ಸುಲಭಕ್ಕೆ ಸಿಗಲ್ಲ. ಈ ಕೆಲಸಕ್ಕೆ ಇವ್ಯಾಲ್ಯುಯೇಶನ್ ಅಂತಾರೆ, ಚಿಕ್ಕದಾಗಿ ಇವಾಲ್ಸ್. ಇದು ನಿಮ್ಮ ಟೆಸ್ಟಿಂಗೇ, ಆದರೆ ಉತ್ತರ ಪ್ರತಿ ಸಲವೂ ಬೇರೆ ಪದಗಳಲ್ಲಿ ಬರುವ ಸಾಫ್ಟ್‌ವೇರ್ ಮೇಲೆ.

ಒಂದು ಉದಾಹರಣೆ ನೋಡಿ. ಗ್ರಾಹಕರೊಬ್ಬರು ಬಾಟ್‌ಗೆ ಕೇಳ್ತಾರೆ: “ಪಾಲಿಸಿ ತಗೊಂಡು 8 ತಿಂಗಳಾಯ್ತು, ನಮ್ಮ ಅತ್ತೆಗೆ ಕಣ್ಣಿನ ಪೊರೆ ಆಪರೇಷನ್ ಮಾಡಿಸಬೇಕು, ಕ್ಲೇಮ್ ಸಿಗುತ್ತಾ?” ಬಾಟ್ ಹೇಳುತ್ತೆ: “ಹೌದು, ಕಣ್ಣಿನ ಪೊರೆ ಚಿಕಿತ್ಸೆಗೆ ನಿಮ್ಮ ಪಾಲಿಸಿಯಲ್ಲಿ ರಕ್ಷಣೆ ಇದೆ.” ಇಂಗ್ಲಿಷ್ ಚೆನ್ನಾಗಿ ಬರುವ ಹೊಸ ಹುಡುಗ ಇದಕ್ಕೆ ಪಾಸ್ ಅಂತ ಹಾಕ್ತಾನೆ. ನೀವು ಹಾಕಲ್ಲ. ಬಹುತೇಕ ಪಾಲಿಸಿಗಳಲ್ಲಿ ಕಣ್ಣಿನ ಪೊರೆಗೆ 2 ವರ್ಷ ಕಾಯುವ ಅವಧಿ ಇರುತ್ತೆ, ಅಷ್ಟರೊಳಗೆ ಕ್ಲೇಮ್ ಸಿಗಲ್ಲ ಅಂತ ನಿಮಗೆ ನಿದ್ದೆಯಲ್ಲಿ ಕೇಳಿದರೂ ಗೊತ್ತು. ಅತ್ತೆಯ ಹೆಸರು ಪಾಲಿಸಿಯಲ್ಲಿ ಇದೆಯಾ ಅನ್ನೋದನ್ನೂ ಬಾಟ್ ಕೇಳಲಿಲ್ಲ.

ಇನ್ನು ತಪ್ಪು ಎಲ್ಲಾಯಿತು ಅಂತ ಹುಡುಕಬೇಕು. ಇಂಥ ಬಾಟ್‌ಗಳಲ್ಲಿ ಹೆಚ್ಚಿನವು ಆರ್‌ಎಜಿ ಎಂಬ ವಿಧಾನದಲ್ಲಿ ನಡೆಯುತ್ತವೆ: ಮೊದಲು ಪಾಲಿಸಿ ದಾಖಲೆಯಿಂದ ಪ್ರಶ್ನೆಗೆ ಹತ್ತಿರದ ನಾಲ್ಕೈದು ತುಣುಕು ಹುಡುಕಿ ತರುತ್ತವೆ, ಆಮೇಲೆ ಭಾಷಾ ಮಾದರಿ (ಪಠ್ಯ ಬರೆಯುವ ಎಐ) ಆ ತುಣುಕು ಓದಿ ಉತ್ತರ ಬರೆಯುತ್ತೆ. ಕಾಯುವ ಅವಧಿಯ ತುಣುಕು ಬರಲೇ ಇಲ್ಲ ಅಂದರೆ ಹುಡುಕುವ ಹಂತದ ದೋಷ. ತುಣುಕು ಬಂದಿತ್ತು, ಆದರೂ ಮಾದರಿ ಅದನ್ನು ಬಿಟ್ಟು ಬರೆಯಿತು ಅಂದರೆ ಬರೆಯುವ ಹಂತದ ದೋಷ. ಎರಡಕ್ಕೂ ಮದ್ದು ಬೇರೆ ಬೇರೆ. ಯಾವುದು ಅಂತ ಲಾಗ್ (ಬಾಟ್ ಏನೇನು ಮಾಡಿತು ಅನ್ನುವ ದಾಖಲೆ) ನೋಡಿ ಹೇಳುವವರನ್ನು ಡೆವಲಪರ್‌ಗಳು ಬಿಟ್ಟುಕೊಡಲ್ಲ.

ಮರುಪ್ರಶ್ನೆ (ಅದೇ ಸದಸ್ಯೆ):

ಸರ್, ಓದಿ ಸ್ವಲ್ಪ ಧೈರ್ಯ ಬಂತು. ಹಾಗಾದರೆ ಎಲ್ಲಿಂದ ಶುರು ಮಾಡಲಿ? ಪೈಥಾನ್ ಕೋಡಿಂಗ್ ಪೂರ್ತಿ ಕಲಿಯಬೇಕಾ? ಕೆಲಸ ಕೇಳಲು ಹೋದಾಗ ಏನು ತೋರಿಸಲಿ?

ಉತ್ತರ:

ಪೈಥಾನ್ ಪೂರ್ತಿ ಬೇಡ. ಲಿಸ್ಟ್, ಡಿಕ್ಷನರಿ, ಲೂಪ್, ಫಂಕ್ಷನ್, ಫೈಲ್ ಓದುವುದು, ಜೇಸನ್ (ಡೇಟಾ ಬರೆದಿಡುವ ಒಂದು ರೂಪ), ಒಂದು ಎಪಿಐ (ಬೇರೆ ಸಾಫ್ಟ್‌ವೇರ್ ಜೊತೆ ಮಾತಾಡುವ ದಾರಿ) ಕರೆಯುವುದು, ಪೈಟೆಸ್ಟ್ ಎಂಬ ಪೈಥಾನ್ ಉಪಕರಣದಲ್ಲಿ ಟೆಸ್ಟ್ ಬರೆಯುವುದು. ದಿನಕ್ಕೆ ಮೂರು ಗಂಟೆ ಕೂತರೆ ಎರಡು ತಿಂಗಳಿಗೆ ಕೈಗೆ ಹತ್ತುತ್ತೆ. ಎಸ್‌ಕ್ಯೂಎಲ್ ಬರೆದವರಿಗೆ ಇದು ಹೊಸ ಲೋಕವೇನಲ್ಲ. ಎನ್‌ಪಿಟೆಲ್ ಎಂಬ ಆನ್‌ಲೈನ್ ತಾಣದಲ್ಲಿ ಐಐಟಿ ಮೇಷ್ಟ್ರುಗಳ ಪಾಠ ಉಚಿತ, ಪರೀಕ್ಷೆ ಬರೆದು ಸರ್ಟಿಫಿಕೇಟ್ ಬೇಕೆಂದರೆ ಮಾತ್ರ ಶುಲ್ಕ. ಎಐ ಮಾದರಿಗಳನ್ನು ಹಂಚುವ ತಾಣ ಹಗ್ಗಿಂಗ್ ಫೇಸ್‌ನವರ ಕೋರ್ಸೂ ಉಚಿತ. ಲ್ಯಾಪ್‌ಟಾಪ್ ಹಳೆಯದಾದರೆ ಚಿಂತೆ ಬೇಡ, ಗೂಗಲ್ ಕೊಲಾಬ್‌ನಲ್ಲಿ ಕೋಡ್ ಬ್ರೌಸರಿನಲ್ಲೇ ನಡೆಯುತ್ತೆ.

ಪಾಠ ಎಲ್ಲ ಮುಗಿಸಿ ಪ್ರಾಜೆಕ್ಟ್ ಅಂತ ಕಾಯಬೇಡಿ, ಮೊದಲ ತಿಂಗಳಿಂದಲೇ ಎರಡನ್ನೂ ಜೊತೆಗೆ ನಡೆಸಿ. ಪ್ರಾಜೆಕ್ಟ್ ಯಾವುದು ಅಂತಲೂ ಹೇಳ್ತೀನಿ. ‘ಆರೋಗ್ಯ ಸಂಜೀವನಿ’ ಪಾಲಿಸಿ ನಿಮಗೆ ಗೊತ್ತೇ ಇದೆ, ವಿಮಾ ನಿಯಂತ್ರಕ ಐಆರ್‌ಡಿಎಐ 2020ರ ಏಪ್ರಿಲ್‌ನಿಂದ ಎಲ್ಲ ಆರೋಗ್ಯ ವಿಮೆ ಕಂಪನಿಗಳಿಗೂ ಕಡ್ಡಾಯ ಮಾಡಿದ ಏಕರೂಪದ ಪಾಲಿಸಿ. ಅದರ ದಾಖಲೆ ಕಂಪನಿಗಳ ಜಾಲತಾಣದಲ್ಲೇ ಸಿಗುತ್ತೆ. ಅದನ್ನು ಇಟ್ಟುಕೊಂಡು ಒಂದು ಪುಟ್ಟ ಬಾಟ್ ಮಾಡಿ. ಬಾಟ್ ಹೇಗಿದ್ದರೂ ನಡೆಯುತ್ತೆ, ಶ್ರಮ ಬೀಳಬೇಕಾದ್ದು ಅದರ ಪರೀಕ್ಷೆಯ ಮೇಲೆ. 150 ಪ್ರಶ್ನೆಗಳ ಒಂದು ಹಾಳೆ ಮಾಡಿ. ಪ್ರತಿ ಪ್ರಶ್ನೆಯ ಮುಂದೆ ಉತ್ತರದಲ್ಲಿ ಬರಲೇಬೇಕಾದ ಅಂಶ, ಅದು ಯಾವ ಕಲಮಿನಲ್ಲಿದೆ, ಬರಬಾರದ್ದು ಏನು ಅಂತ ಬರೆಯಿರಿ. ದಾಖಲೆಯಲ್ಲಿ ಉತ್ತರವೇ ಇಲ್ಲದ ಪ್ರಶ್ನೆಗಳನ್ನೂ ಬೇಕೆಂದೇ ಸೇರಿಸಿ. ಅಲ್ಲಿ ಬಾಟ್ ‘ಗೊತ್ತಿಲ್ಲ’ ಅನ್ನಬೇಕು, ಕಥೆ ಕಟ್ಟಬಾರದು. ನಿಮ್ಮ ಹಳೆಯ ಕಂಪನಿಯ ಡೇಟಾ, ಸ್ಕ್ರೀನ್‌ಶಾಟ್ ಒಂದೂ ಬಳಸಬೇಡಿ, ಕಾನೂನಿನ ತೊಂದರೆ ಬರುತ್ತೆ.

ಒಂದೊಂದು ಪ್ರಶ್ನೆಯನ್ನೂ ಐದು ಸಲ ಕೇಳಿಸಿ. ಸಂದರ್ಶನದಲ್ಲಿ ನಾವು ಕೇಳುವ ಮೊದಲ ಪ್ರಶ್ನೆಯೇ ಇದು: “ಒಂದೇ ಪ್ರಶ್ನೆಗೆ ಎರಡು ಸಲ ಎರಡು ಥರ ಉತ್ತರ ಬಂದರೆ ಅದು ಬಗ್ಗಾ, ಅಂದರೆ ದೋಷವಾ?” ಪದ ಬದಲಾಗಿ ಅಂಶ ಅದೇ ಉಳಿದರೆ ಅಲ್ಲ. ನಾಲ್ಕು ಸಲ 24 ತಿಂಗಳು ಅಂದು ಐದನೇ ಸಲ 12 ಅಂದರೆ ಖಂಡಿತ ಬಗ್, ಅದೂ ಮೊದಲ ದರ್ಜೆಯದು. ನಿರೀಕ್ಷಿತ ಉತ್ತರಕ್ಕೆ ಅಕ್ಷರ ಅಕ್ಷರ ಹೊಂದಿಸುವ ಹಳೆಯ ಪದ್ಧತಿ ಇಲ್ಲಿ ನಡೆಯಲ್ಲ. ಅಂಕಿ ಸರಿಯಾ, ಕಲಮು ಸರಿಯಾ, ಷರತ್ತು ಬಿಟ್ಟುಹೋಯಿತಾ ಅಂತ ಅಂಶವಾರು ನೋಡಬೇಕು.

150 ಪ್ರಶ್ನೆ ಐದೈದು ಸಲ ಅಂದರೆ 750 ಉತ್ತರ. ಅಷ್ಟನ್ನೂ ಕೈಯಲ್ಲಿ ತಿದ್ದಲಾಗದು ಅಂತ ಇನ್ನೊಂದು ಮಾದರಿಯಿಂದ ತಿದ್ದಿಸುವ ರೂಢಿ ಬಂದಿದೆ. ಪ್ರಾಂಪ್ಟ್‌ಫೂ, ಡೀಪ್‌ಇವಾಲ್, ರಾಗಾಸ್‌ನಂಥ ಮುಕ್ತ ತಂತ್ರಾಂಶಗಳು ಇದಕ್ಕೇ ಇವೆ. ಆದರೆ ಆ ತಿದ್ದುವ ಮಾದರಿ ಉದ್ದದ ಉತ್ತರಕ್ಕೆ ಸುಮ್ಮನೆ ಹೆಚ್ಚು ಅಂಕ ಕೊಡುವುದುಂಟು. ಅದಕ್ಕೇ 50 ಉತ್ತರ ನೀವೇ ತಿದ್ದಿ, ಅದರ ಅಂಕದ ಜೊತೆ ಹೋಲಿಸಿ, ಎಷ್ಟು ಕಡೆ ಒಪ್ಪಿಗೆಯಾಯಿತು ಅಂತ ವರದಿಯಲ್ಲಿ ಹಾಕಿ. ಎರಡು ಪುಟದ ಆ ವರದಿ, ಕೋಡ್ ಹಾಕಿಟ್ಟ ಗಿಟ್‌ಹಬ್ ತಾಣದ ಲಿಂಕ್, ಎರಡನ್ನೂ ರೆಸ್ಯೂಮೆಯ ಮೇಲ್ಭಾಗದಲ್ಲಿ ಇಡಿ. ನನ್ನ ಮಟ್ಟಿಗೆ ಹತ್ತು ಸರ್ಟಿಫಿಕೇಟಿಗಿಂತ ಇದು ಮೇಲು.

ಕೆಲಸ ಹೋದದ್ದನ್ನು ಮುಚ್ಚಿಡಬೇಡಿ. “ಪ್ರಾಜೆಕ್ಟ್ ಮುಗಿಯಿತು, ತಂಡ ತೆಗೆದರು” ಅಂತ ಒಂದೇ ಮಾತಲ್ಲಿ ಹೇಳಿ ಮುಂದಿನ ವಿಷಯಕ್ಕೆ ಹೋಗಿ. ಸಂಬಳ ಮೊದಲ ಆಫರ್‌ನಲ್ಲಿ ಹಳೆಯದಕ್ಕಿಂತ ಕಡಿಮೆ ಇರಬಹುದು, ಅದಕ್ಕೆ ಮನೆಯಲ್ಲಿ ಈಗಲೇ ಮಾತಾಡಿಕೊಂಡಿರಿ.

ಕಲಿಕೆಗಿಂತ ಮೊದಲು ಈ ವಾರವೇ ಮಾಡಬೇಕಾದ ಎರಡು ಕೆಲಸ ಇವೆ. ನಿಮ್ಮ ಗುಂಪು ಆರೋಗ್ಯ ವಿಮೆ ಸಾಮಾನ್ಯವಾಗಿ ಕೊನೆಯ ದಿನಕ್ಕೇ ನಿಲ್ಲುತ್ತೆ. ಅದಕ್ಕೂ ಮುಂಚೆಯೇ ಅದೇ ವಿಮೆ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಡಿ, ಕಾಯುವ ಅವಧಿಯ ಲಾಭ ಮುಂದುವರಿಸಿ ಅಂತ ಲಿಖಿತವಾಗಿ ಕೇಳಿ. ಎರಡನೆಯದು ಗ್ರಾಚ್ಯುಟಿ, ಅಂದರೆ ಸೇವೆಯ ವರ್ಷಗಳ ಲೆಕ್ಕದಲ್ಲಿ ಕಂಪನಿ ಬಿಡುವಾಗ ಸಿಗುವ ದುಡ್ಡು. 5 ವರ್ಷ ದಾಟಿದವರಿಗೆ ಅದು ಹಕ್ಕು, ಕಂಪನಿ ಕೊಡುವ ಪರಿಹಾರದ ಮೊತ್ತದೊಳಗೆ ಸೇರಿಸಿ ಮುಗಿಸುವಂತಿಲ್ಲ. ಗ್ರಾಚ್ಯುಟಿ ಲೆಕ್ಕಕ್ಕೆ ಬರುವ ಕೊನೆಯ ತಿಂಗಳ ವೇತನ 40,000 ಅಂತ ಇಟ್ಟುಕೊಂಡರೆ, ಅದನ್ನು 15ರಿಂದ ಗುಣಿಸಿ 26ರಿಂದ ಭಾಗಿಸಿ, ಮತ್ತೆ 11 ವರ್ಷದಿಂದ ಗುಣಿಸಿದರೆ ಸುಮಾರು 2,53,800 ರೂಪಾಯಿ. ಸೆಟಲ್‌ಮೆಂಟ್ ಹಾಳೆಯಲ್ಲಿ ಅದು ಬೇರೆ ಸಾಲಾಗಿ ಕಾಣಬೇಕು. ಆ ದುಡ್ಡು ಮನೆ ಕಂತಿಗೆ, ಮಗಳ ಫೀಸಿಗೆ ಮೀಸಲು. ಕೋರ್ಸಿಗಲ್ಲ.

ಇನ್ನೊಬ್ಬ ಸದಸ್ಯರು (ಹುಬ್ಬಳ್ಳಿ):

ಸರ್, ನಾನು ಕನ್ನಡ ಕಾಲ್‌ಸೆಂಟರ್‌ನಾಗ ಕ್ವಾಲಿಟಿ ನೋಡ್ತಿದ್ದೆ. ನಮ್ಮ ಪ್ರೊಸೆಸ್ ಈಗ ವಾಯ್ಸ್ ಬಾಟ್‌ಗೆ ಕೊಟ್ಟಾರ, ನಮ್ಮನ್ನ ತೆಗದಾರ. ನನ್ನ ಕನ್ನಡಕ್ಕ ಈ ಎಐದಾಗ ಏನರ ಕಿಮ್ಮತ್ತು ಐತೇನ್ರಿ?

ಉತ್ತರ:

ಖಂಡಿತ ಇದೆ ಸರ್. ಆ ವಾಯ್ಸ್ ಬಾಟ್ ಎಲ್ಲಿ ಎಡವುತ್ತೆ ಅಂತ ನಿಮಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲ್ಲ. ನಿಮ್ಮ ಕಡೆ ಗ್ರಾಹಕರು “ನಾಡಿದ್ದು ಎರಡೂವರಿ ಸಾವಿರ ಕಟ್ತೀನ್ರಿ” ಅಂತಾರೆ. ಬಾಟ್ ಅದನ್ನು ನಾಳೆ ಅಂತಲೋ, ಎರಡು ಸಾವಿರ ಅಂತಲೋ ಬರೆದುಕೊಂಡರೆ ಲೆಕ್ಕವೇ ತಪ್ಪಿತು. ಮುಕ್ಕಾಲು, ಎರಡೂಕಾಲು, ಮೊನ್ನೆ, ಆಚೆ ಮೊನ್ನೆ, ಮಾತಿನ ನಡುವೆ ಬರುವ ಇಂಗ್ಲಿಷ್, ಮಂಗಳೂರು ಕನ್ನಡ, ಧಾರವಾಡ ಕನ್ನಡ: ಇವನ್ನೆಲ್ಲ ಸೇರಿಸಿ, ಬರಬೇಕಾದ ಉತ್ತರದ ಜೊತೆ ಪಟ್ಟಿ ಮಾಡಿದರೆ ಅದೇ ನಿಮ್ಮ ಪ್ರಾಜೆಕ್ಟ್. ನೀವೇ ಮಾತಾಡಿ ರೆಕಾರ್ಡ್ ಮಾಡಿ, ಗ್ರಾಹಕರ ಧ್ವನಿ ಮುಟ್ಟಬೇಡಿ.

ಬರಹದಲ್ಲೂ ಕನ್ನಡದ್ದು ಬೇರೆಯೇ ಸಮಸ್ಯೆ. ‘ಕ್ಷಮಿಸಿ’ ಅನ್ನುವುದು ನಮಗೆ ಮೂರೇ ಅಕ್ಷರ. ಕಂಪ್ಯೂಟರಿನ ಯೂನಿಕೋಡ್ ಅಕ್ಷರಪಟ್ಟಿಯಲ್ಲಿ ಅದು 7 ಸಂಕೇತ, ಅದನ್ನು ಉಳಿಸುವ ಯುಟಿಎಫ್-8 ರೂಪದಲ್ಲಿ 21 ಬೈಟ್. ಅದಕ್ಕೇ ಹಲವು ಮಾದರಿಗಳಲ್ಲಿ ಕನ್ನಡ ವಾಕ್ಯ ಇಂಗ್ಲಿಷಿಗಿಂತ ಹೆಚ್ಚು ಟೋಕನ್ (ಮಾದರಿ ಪಠ್ಯವನ್ನು ಒಡೆದುಕೊಳ್ಳುವ ಚೂರು) ತಿನ್ನುತ್ತೆ, ಖರ್ಚೂ ಹೆಚ್ಚು, ತಡವೂ ಹೆಚ್ಚು. ಕೇಂದ್ರ ಸರ್ಕಾರದ ಭಾಷಿಣಿ ಯೋಜನೆ, ಐಐಟಿ ಮದ್ರಾಸಿನ ಎಐಫಾರ್‌ಭಾರತ್ ತಂಡ ಭಾರತೀಯ ಭಾಷೆಗಳ ಎಐ ಮೇಲೆ ಕೆಲಸ ಮಾಡುತ್ತಿವೆ. ಎಐಫಾರ್‌ಭಾರತ್‌ನ ಮಾದರಿಗಳು ಮುಕ್ತವಾಗಿ ಸಿಗುತ್ತವೆ, ಕನ್ನಡ ಹಾಕಿ ಪರೀಕ್ಷಿಸಿ ನೋಡಿ. ಬರೀ ಡೇಟಾ ಲೇಬಲಿಂಗ್ (ಎಐಗೆ ಕಲಿಸುವ ವಾಕ್ಯಗಳಿಗೆ ಗುರುತು ಹಾಕುವ) ಕೆಲಸಕ್ಕೆ ಒಂದೊಂದು ವಾಕ್ಯಕ್ಕೆ ಇಷ್ಟು ಪೈಸೆ ಅಂತ ಕೊಡುವವರೂ ಇದ್ದಾರೆ. ಕೈ ಖಾಲಿ ಇರುವಾಗ ಮಾಡಿ, ಬೇಡ ಅನ್ನಲ್ಲ, ಆದರೆ ಅಲ್ಲೇ ನಿಂತುಬಿಡಬೇಡಿ.

ಮತ್ತೊಬ್ಬರು:

ವಯಸ್ಸು 46, ಐಟಿ ಪ್ರಾಜೆಕ್ಟ್‌ಗಳ ಡೆಲಿವರಿ ಮ್ಯಾನೇಜರ್ ಆಗಿದ್ದೆ, ಕೋಡ್ ಮುಟ್ಟಿ ಬಹಳ ವರ್ಷವಾಯ್ತು. ನನಗೂ ಇದೇ ದಾರಿಯಾ ಸರ್?

ಉತ್ತರ:

ದಾರಿ ಇದೇ, ಆದರೆ ನಿಮಗೆ ಸ್ವಲ್ಪ ಕಠಿಣ. ತಂಡಗಳು ಚಿಕ್ಕದಾಗುತ್ತಿವೆ, ಬರೀ ಸ್ಥಿತಿ ವರದಿ ಕೇಳುವ ಹುದ್ದೆಗಳು ಕಡಿಮೆಯಾಗುತ್ತಿವೆ. ನೀವು ಯಾವ ಉದ್ಯಮದ ಪ್ರಾಜೆಕ್ಟ್ ನಡೆಸಿದ್ದಿರಿ ಅಂತ ಬರೆಯಿರಿ. ಬ್ಯಾಂಕಿಂಗ್, ಫಾರ್ಮಾ, ಗೋದಾಮು, ಯಾವುದೇ ಇರಲಿ, ಅಲ್ಲಿನ ಯಾವ ಕೆಲಸವನ್ನು ಮಾದರಿಗೆ ಒಪ್ಪಿಸಬಹುದು, ಯಾವುದಕ್ಕೆ ಮನುಷ್ಯರ ಸಹಿ ಬೇಕೇ ಬೇಕು ಅನ್ನುವುದನ್ನು ಉದಾಹರಣೆ ಸಮೇತ ಹೇಳಬಲ್ಲಿರಾದರೆ ಮಾತಾಡಲು ವಿಷಯವಿದೆ. ಕೋಡ್ ಓದುವಷ್ಟಾದರೂ ಕೈ ಮತ್ತೆ ಪಳಗಿಸಿಕೊಳ್ಳಿ. ವಿವರ ಹಾಕಿ, ಭಾನುವಾರ ಕೂತು ಉತ್ತರಿಸ್ತೀನಿ.