ಯೂರಿಯಾ ಸಾವಯವ, ಮೈಲುತುತ್ತ ನಿರವಯವ: ಈ ಪದದ ಗಂಟು ಬಿಡಿಸಿಕೊಡಿ

ಎಲ್ಲರಿಗೂ ನಮಸ್ಕಾರ. ಶಿರಸಿ ಕಡೆಯ ಅಡಿಕೆ ತೋಟದವನು ನಾನು. ಬೆಳೆಗಾರರ ಸಣ್ಣ ಪತ್ರಿಕೆಗೆ ಅಂತ ಒಂದು ಇಂಗ್ಲಿಷ್ ಲೇಖನ ಕನ್ನಡಕ್ಕೆ ತರ್ತಾ ಇದೀನಿ, ಆರ್ಗ್ಯಾನಿಕ್ ಆಹಾರದ ಸಂಘಟನೆಗಳಿಗೂ ವಿಜ್ಞಾನಿಗಳಿಗೂ ಇರೋ ಜಗಳದ ಬಗ್ಗೆ. ಮೊದಲ ಪ್ಯಾರಾದಲ್ಲೇ ಸಿಕ್ಕಿಬಿದ್ದೆ, ಅದೂ ಆರ್ಗ್ಯಾನಿಕ್‌ಗೆ ನಾವು ದಿನಾ ಬಳಸೋ 'ಸಾವಯವ'ದಲ್ಲಿ.

ತಕರಾರು ತೆಗೆದವನು ತಮ್ಮನ ಮಗ, ಹತ್ತನೇ ಕ್ಲಾಸು. "ದೊಡ್ಡಪ್ಪಾ, ಯೂರಿಯಾ ಸಾವಯವ ಹೇಳಿ ಪುಸ್ತಕದಲ್ಲಿ ಇದ್ದಲಾ" ಅಂದ. ಹೌದು ಮತ್ತೆ. ಜೀವ ಇರೋ ದೇಹದಲ್ಲಿ ಮಾತ್ರ ತಯಾರಾಗೋ ವಸ್ತು ಅಂತ ನಂಬಿ ಆ ಹೆಸರಿಟ್ಟಿದ್ರು, 1828ರಲ್ಲಿ ಜರ್ಮನಿಯ ರಸಾಯನ ವಿಜ್ಞಾನಿ ವೋಲರ್ ಗಂಜಲದ ಹಂಗಿಲ್ಲದೆ ಅಮೋನಿಯಂ ಸೈನೇಟ್‌ನಿಂದ ಯೂರಿಯಾ ಮಾಡಿದ, ನಂಬಿಕೆ ಹೋಯ್ತು, ಹೆಸರು ಇಂಗಾಲದ ಸಂಯುಕ್ತಗಳಿಗೆ ಉಳೀತು. ಹಾಗಾಗಿ ಕೆಮಿಸ್ಟ್ರಿ ಮೇಷ್ಟ್ರಿಗೆ ಯೂರಿಯಾ ಸಾವಯವ, ಮೈಲುತುತ್ತ (ತಾಮ್ರದ ಸಲ್ಫೇಟ್) ನಿರವಯವ, ಅಂದ್ರೆ ಇನಾರ್ಗ್ಯಾನಿಕ್. ತೋಟಕ್ಕೆ ಬಂದ್ರೆ ಪೂರ್ತಿ ಉಲ್ಟಾ! ಸಾವಯವ ಸರ್ಟಿಫಿಕೇಟ್ ಬೇಕಂದ್ರೆ ಚೀಲದ ಯೂರಿಯಾ ಮುಟ್ಟೋ ಹಾಗಿಲ್ಲ, ಆದ್ರೆ ಅಡಿಕೆಯ ಕೊಳೆರೋಗಕ್ಕೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ 1 ಕೆಜಿ ಸುಣ್ಣ ಕಲಸಿ ಹೊಡೀತೀವಲ್ಲ ಆ ಬೋರ್ಡೋ ದ್ರಾವಣಕ್ಕೆ ಮಿತಿಯೊಳಗೆ ಅವಕಾಶ ಉಂಟು, ಯುರೋಪಿನಲ್ಲೂ 7 ವರ್ಷಕ್ಕೆ ಹೆಕ್ಟೇರಿಗೆ 28 ಕೆಜಿ ತಾಮ್ರದವರೆಗೆ ಬಿಡ್ತಾರೆ. (ಕೊಳೆರೋಗ ಅಂದಾಗ ನೆನಪಾಯ್ತು, ಕಾಫಿ ಕೊಳೆಸೋ ಶಿಲೀಂಧ್ರದ ಹಳೇ ಲ್ಯಾಟಿನ್ ಹೆಸರಲ್ಲೇ ನಮ್ಮ ಪದ ಕೂತಿದೆ, ಪೆಲಿಕ್ಯುಲೇರಿಯಾ ಕೊಳೆರೋಗ ಅಂತ.) ವೇದಾಂತದಲ್ಲಿ ಬ್ರಹ್ಮವೂ ನಿರವಯವ, ಅಂದ್ರೆ ಅಂಗಭಾಗ ಇಲ್ಲದ್ದು. ಬ್ರಹ್ಮ, ಮೈಲುತುತ್ತ ಎರಡೂ ಒಂದೇ ಪಂಕ್ತಿ ಅಂದ್ರೆ ನಮ್ಮೂರ ಭಟ್ಟರು ಸಿಟ್ಟಾಗ್ಲಿಲ್ಲ, ನಕ್ಕರು.

ಹಾಗಂತ ಕೃಷಿಗೆ ಈ ಪದ ತಪ್ಪು ಅಂತಾನೂ ನನಗೆ ಅನಿಸೋದಿಲ್ಲ. 1940ರಲ್ಲಿ ಇಂಗ್ಲೆಂಡಿನ ಲಾರ್ಡ್ ನಾರ್ತ್‌ಬೋರ್ನ್ ಆರ್ಗ್ಯಾನಿಕ್ ಫಾರ್ಮಿಂಗ್ ಅಂತ ಬರೆದಾಗ ಅವನ ಮಾತು ಇದ್ದಿದ್ದು ಇಡೀ ಜಮೀನೇ ಒಂದು ದೇಹದ ಹಾಗೆ ಅಂತ. ಬೆಟ್ಟದ ಸೊಪ್ಪು, ದರಕು (ಒಣ ಎಲೆ) ದನದ ಕಾಲಡಿಗೆ, ಅಲ್ಲಿಂದ ಗೊಬ್ಬರಗುಂಡಿಗೆ, ಗುಂಡಿಯಿಂದ ಅಡಿಕೆ ಬುಡಕ್ಕೆ. ಇದು ಸ-ಅವಯವ, ಅಂಗಾಂಗ ಕೂಡಿದ ದೇಹ, ಅಲ್ದೆ ಇನ್ನೇನು? ಕೆಮಿಸ್ಟ್ರಿಯಿಂದ ಎರವಲು ತಂದ ಪದ ಹಿಂದಿಯ 'ಜೈವಿಕ್'ಗಿಂತ ಮೂಲದ ಅರ್ಥಕ್ಕೆ ಹತ್ತಿರ ಬಂದು ಕೂತಿದೆ. ಬೇಕಾದ್ರೆ ಕೆಮಿಸ್ಟ್ರಿಯವರೇ 'ಇಂಗಾಲ ಸಂಯುಕ್ತ' ಅಂತ ಮಾಡ್ಕೊಳ್ಲಿ.

'ರಾಸಾಯನಿಕ ಮುಕ್ತ' ಮಾತ್ರ ನಾನು ಬರೆಯೋದಿಲ್ಲ. ನೀರೂ ರಾಸಾಯನಿಕವೇ ಅಂತ ವಿಜ್ಞಾನಿಗಳು ಹಿಡ್ಕೋತಾರೆ, ನಮ್ಮಲ್ಲೋ ರಸಾಯನ ಅಂದ್ರೆ ಬಾಳೆಹಣ್ಣಿಂದು, ಅದಿಲ್ಲದ ಊಟಕ್ಕೆ ಯಾರು ಬರ್ತಾರೆ.

ಇನ್ನೊಂದು ಕಡೆ ಕೈ ನಡುಗ್ತಾ ಇದೆ. 2012ರ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವರದಿ ಹೇಳಿದ್ದು, ಸಾವಯವದಲ್ಲಿ ಪೌಷ್ಟಿಕಾಂಶ ಜಾಸ್ತಿ ಅನ್ನೋದಕ್ಕೆ ಗಟ್ಟಿ ಪುರಾವೆ ಸಿಕ್ಕಿಲ್ಲ ಅಂತ. ಇದನ್ನ 'ಪ್ರಯೋಜನ ಇಲ್ಲ' ಅಂತ ಕನ್ನಡಿಸಿದ್ರೆ ಅರ್ಥವೇ ಬೇರೆ ಆಗತ್ತೆ. 2014ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದವರು 343 ಅಧ್ಯಯನ ಒಟ್ಟು ಹಾಕಿ ಸಾವಯವದಲ್ಲಿ ಆಂಟಿಆಕ್ಸಿಡೆಂಟ್ ಜಾಸ್ತಿ, ಕ್ಯಾಡ್ಮಿಯಂ ಅನ್ನೋ ವಿಷಲೋಹ ಕಮ್ಮಿ ಅಂದ್ರು, ಅದನ್ನ 'ಸಾಬೀತಾಯ್ತು' ಅಂತ ಬರೆದ್ರೂ ಅದೇ ಕಥೆ.

ಅಡ್ವೊಕಸಿ ಗ್ರೂಪ್‌ಗೆ, ಅಂದ್ರೆ ಒಂದು ವಿಚಾರದ ಪರ ವಾದಿಸೋ ಗುಂಪಿಗೆ, ಏನನ್ನೋಣ? 'ವಕಾಲತ್ತು' ಅಂದ್ರೆ ನಮ್ಮ ಕಡೆ ಬೈದ ಹಾಗೆ, 'ಲಾಬಿ' ಇನ್ನೂ ಕೆಟ್ಟದು. 'ಕನ್ನಡಪರ ಸಂಘಟನೆ' ಇದ್ದ ಹಾಗೆ 'ಸಾವಯವಪರ ಸಂಘಟನೆ' ಅಂತ ಸದ್ಯಕ್ಕೆ ಹಾಕಿದೀನಿ.

ಕೊನೆಗೆ ಹಳೇ ಮಾತು ಗೊತ್ತಿದ್ದೋರಿಗೆ ಒಂದು ಪ್ರಶ್ನೆ. ನಮ್ಮಜ್ಜನಿಗೆ ಕೊಟ್ಟಿಗೆಯದು ಬರೀ 'ಗೊಬ್ಬರ', ಬೇರೆ ಹೆಸರು ಬೇಕಾಗಿದ್ದು ಚೀಲದ್ದಕ್ಕೆ, ಅದು 'ಸರ್ಕಾರಿ ಗೊಬ್ಬರ'. ಕಾರವಾರ, ಅಂಕೋಲಾದಲ್ಲಿ ಏನಂತಿದ್ರು? ಕುಮಟಾ ಗಜನಿಯ (ಉಪ್ಪುನೀರು ನುಗ್ಗೋ ಗದ್ದೆಯ) ಕಗ್ಗ ಅನ್ನೋ ಭತ್ತಕ್ಕಂತೂ ಗೊಬ್ಬರವೇ ಹಾಕೋದಿಲ್ಲ, ಅದನ್ನ ಅಲ್ಲಿಯವರು ಸಾವಯವ ಅಂತಾರಾ, ಇಲ್ಲಾ ಬರೀ ಕಗ್ಗ ಅಂತಾರಾ?