ಮನೆಗೆ ಬಂದ ಮೇಲೂ ಅವಸರ ಇಳಿಯುವುದಿಲ್ಲ, ಏನು ಮಾಡಲಿ?

ಕೌಲ್ ಬಜಾರ್ ಅಕ್ಕ, ಬಳ್ಳಾರಿ

ಜೀನ್ಸ್ ಹೊಲಿಯುವ ಕಡೆ ಲೆಕ್ಕ ಬರೆಯುವುದು, ಮಾಲು ಕಳಿಸುವುದು ನನ್ನ ಕೆಲಸ. ಕಟಿಂಗ್ ಒಂದು ಓಣಿಯಲ್ಲಿ, ಹೊಲಿಗೆ ಇನ್ನೊಂದರಲ್ಲಿ, ವಾಷಿಂಗ್ ಊರಾಚೆ. ಮೂರೂ ಕಡೆಯಿಂದ ಫೋನ್. ಲಾರಿ ಆಫೀಸಿನವರು "ಬಂಡಲ್ ಎಲ್ರೀ?" ಅಂತಾರೆ, ವಾಷಿಂಗಿನವರು "ಕರೆಂಟ್ ಇಲ್ಲ" ಅಂತಾರೆ. ಅದು ಇರಲಿ, ಸಂಬಳ ಕೊಡುವುದೇ ಅದಕ್ಕೆ.

ತೊಂದರೆ ಇರುವುದು ಮನೆಯಲ್ಲಿ. ಎರಡನೇ ಕ್ಲಾಸಿನ ಮಗಳು ಓದುವಾಗ ತಡವರಿಸಿದರೆ ಆ ಸಾಲನ್ನು ನಾನೇ ಓದಿ ಮುಗಿಸುತ್ತೇನೆ. ಅತ್ತೆ ಮಾತು ಶುರು ಮಾಡಿದರೆ "ಬೇಗ ಹೇಳ್ರಿ" ಅನ್ನುತ್ತೇನೆ. ಧ್ಯಾನದ ಆ್ಯಪ್ ಹಾಕಿಕೊಂಡೆ. ಅದರಲ್ಲೂ ಎಲ್ಲಕ್ಕಿಂತ ಚಿಕ್ಕದು ಯಾವುದು ಅಂತ ಹುಡುಕಿದೆ! ತಾಳ್ಮೆ ಅನ್ನುವುದು ಕಲಿತರೆ ಬರುತ್ತಾ, ಹುಟ್ಟಿನಿಂದಲೇ ಬರಬೇಕಾ?

ಗಂಗಾವತಿ ಹುಡುಗ

ಅಕ್ಕಾ, ಫೋನ್ ಮನೆಯಲ್ಲಿ ಬಿಟ್ಟು ಒಂದು ಬೆಳಗ್ಗೆ ನಮ್ಮ ಕಡೆಯ ಅಂಜನಾದ್ರಿ ಬೆಟ್ಟ ಹತ್ತಿ. 575 ಮೆಟ್ಟಿಲು. ಓಡಿದರೆ ಅರ್ಧಕ್ಕೇ ಕಾಲು ಕೈಕೊಡುತ್ತೆ, ನಿಧಾನ ತಾನಾಗೇ ಬರುತ್ತೆ. ಶನಿವಾರ ಮಾತ್ರ ಬೇಡ, ಜನ ಜಾಸ್ತಿ.

ಡ್ರಾಯಿಂಗ್ ಮೇಷ್ಟ್ರು, ಕೊಪ್ಪಳ

ತಂಗೀ, ಸರ್ವೀಸಿನಲ್ಲಿದ್ದಾಗ ಮಕ್ಕಳನ್ನು ಕಿನ್ನಾಳಕ್ಕೆ ಕರೆದುಕೊಂಡು ಹೋಗುತ್ತಿದ್ದೆ. ಕಿನ್ನಾಳದ ಗೊಂಬೆ ನೋಡಿರುತ್ತೀರಿ, ಮಾಡುವುದನ್ನು ನೋಡಿದ್ದೀರಾ? ಹಗುರ ಮರದಲ್ಲಿ ಕೈ, ಕಾಲು, ತಲೆ ಬೇರೆ ಬೇರೆ ಕೆತ್ತಿ ಹುಣಸೆ ಬೀಜದ ಅಂಟಿನಲ್ಲಿ ಕೂಡಿಸುತ್ತಾರೆ. ಸೆಣಬಿನ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟು ಮತ್ತು ಅದೇ ಅಂಟು ಸೇರಿಸಿ ಕಲಸಿದರೆ ಕಿಟ್ಟ. ಸಂದುಗಳಿಗೆಲ್ಲ ಅದನ್ನು ತುಂಬಬೇಕು. ಮೇಲೆ ಹತ್ತಿ ಬಟ್ಟೆಯ ಚೂರುಗಳನ್ನು ಅಂಟಿಸಬೇಕು. ಅದರ ಮೇಲೆ ಬೆಣಚು ಕಲ್ಲಿನ ಪುಡಿಯ ಲೇಪ. ಆಮೇಲೆ ಬಣ್ಣ. ಒಂದು ಒಣಗದೆ ಇನ್ನೊಂದು ಹಚ್ಚುವಂತಿಲ್ಲ.

ನಮ್ಮ ಹುಡುಗನೊಬ್ಬ "ಫ್ಯಾನ್ ಹಾಕಿದ್ರೆ ಬೇಗ ಒಣಗಲ್ವಾ?" ಅಂತ ಕೇಳಿದ. ಚಿತ್ರಗಾರರು ನಕ್ಕು ಪಕ್ಕದ ಗೊಂಬೆ ಕೈಗೆತ್ತಿಕೊಂಡರು. ನಾನು ಗಮನಿಸಿದ್ದು ಅದನ್ನೇ. ಒಣಗುವುದನ್ನು ನೋಡುತ್ತಾ ಯಾರೂ ಕೂರುವುದಿಲ್ಲ. ಹಾಗಂತ ಅವರೇನು ಋಷಿಗಳಲ್ಲ. ಚಹಾ ತಡವಾದರೆ ಅವರೇ ಮನೆ ಕಿತ್ತುಹೋಗುವ ಹಾಗೆ ಕೂಗುತ್ತಾರೆ! ಗೊಂಬೆಯ ಮುಂದೆ ಮಾತ್ರ ಅವಸರ ನಡೆಯುವುದಿಲ್ಲ, ಯಾಕೆಂದರೆ ವೇಗ ಗೊತ್ತುಮಾಡುವುದು ಅಂಟು, ಅವರಲ್ಲ.

ಆದ್ದರಿಂದ ಮನಸ್ಸಿಗೆ ಬುದ್ಧಿ ಹೇಳುತ್ತಾ ಕೂರಬೇಡಿ, ಅದು ಕೇಳುವುದಿಲ್ಲ. ಮಗಳು ಓದುವಾಗ ಎದುರಿಗೆ ಪುಂಡಿಪಲ್ಲೆ ಹರಡಿಕೊಂಡು ಎಲೆ ಬಿಡಿಸುತ್ತಾ ಕೂತುಕೊಳ್ಳಿ. ಕೈಗೆ ಕೆಲಸ ಇರಲಿ, ವೇಗ ಅವಳದ್ದಿರಲಿ. ಅವಳು ಕೇಳುವ ತನಕ ಸಾಲು ಮುಗಿಸಿಕೊಡಬೇಡಿ.

ಸಿಂಧನೂರು ಸೊಸೆ

ಮೇಷ್ಟ್ರೇ, ಗೊಂಬೆ ಮಾತು ಒಪ್ಪಿದೆ. ಆದರೆ ದುಡಿದು ಬಂದು ಪಲ್ಲೆ ಬಿಡಿಸುವುದೂ ಅಕ್ಕನೇನಾ? ಅಣ್ಣಾವ್ರು ಏನು ಮಾಡ್ತಾರೆ? ನಮ್ಮದು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗ. ನೀರಿಗೆ ಕಾದು ಕಾದು ಸುಸ್ತಾದವರನ್ನು "ಪಾಪ, ಎಷ್ಟು ತಾಳ್ಮೆ" ಅಂತ ಹೊಗಳಿದರೆ ಸಿಟ್ಟು ಬರುತ್ತೆ. ಬೇರೆ ದಾರಿ ಇಲ್ಲದೆ ಕಾಯುವುದೇ ಬೇರೆ. ಅಕ್ಕನ ಹೊರೆ ಇಳಿಸದೆ ನಿಧಾನ ಕಲಿ ಅನ್ನುವುದೂ ಹಾಗೇ.

ಫೋನಿನ ಬಗ್ಗೆ ಒಂದು ಮಾತು. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿಹೋಯಿತಲ್ಲ, ಆಗ ನಮ್ಮನೆಯವರು ರಾತ್ರಿಯೆಲ್ಲಾ ಮೊಬೈಲ್ ತಿಕ್ಕುತ್ತಾ ಕೂತಿದ್ದರು. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್, ಅಂದರೆ ಗೇಟಿನ ಬದಲು ಅಡ್ಡ ಇಡುವ ಉಕ್ಕಿನ ತಡೆ, ಇಳಿಸಿ ನಿಲ್ಲಿಸುವುದಕ್ಕೆ ಸುಮಾರು ಒಂದು ವಾರ ಹಿಡಿಯಿತು. ಇವರು ನೋಡಿದರೆ ಒಂದು ಹನಿಯೂ ನಿಲ್ಲುವುದಿಲ್ಲ ಅಂದೆ. ಕೇಳಲಿಲ್ಲ. ಕೊನೆಗೆ ಚಾರ್ಜರ್ ಬಚ್ಚಿಟ್ಟೆ, ಮಲಗಿದರು. ನೀವೂ ಓನರ್ ಹತ್ತಿರ ಮಾತಾಡಿ ರಾತ್ರಿಗೆ ಒಂದು ಗಡಿ ಹಾಕಿಕೊಳ್ಳಿ.

ಕೌಲ್ ಬಜಾರ್ ಅಕ್ಕ, ಬಳ್ಳಾರಿ

ಸಿಂಧನೂರಿನವರ ಉತ್ತರವನ್ನು ನಮ್ಮನೆಯವರಿಗೆ ಜೋರಾಗಿ ಓದಿ ಹೇಳಿದೆ. "ಪಲ್ಲೆ ನಾನೇ ಬಿಡಿಸ್ತೀನಿ" ಅಂದರು. ದಂಟು ಎಸೆಯಬೇಕಾ, ಎಲೆ ಎಸೆಯಬೇಕಾ ಅಂತಲೂ ಕೇಳಿದರು. ಓನರ್ ಒಪ್ಪಿದ್ದು ಅರ್ಧ. ಎಂಟರ ಮೇಲೆ ಲಾರಿಯವರ ಫೋನ್ ಮಾತ್ರ ಎತ್ತಬೇಕಂತೆ, ಉಳಿದದ್ದು ಬೆಳಗ್ಗೆ. ಸದ್ಯಕ್ಕೆ ಅಷ್ಟಾದರೂ ಸಿಕ್ಕಿತು.

ಮೇಷ್ಟ್ರೇ, ಭಾನುವಾರ ಮಗಳನ್ನು ಕರೆದುಕೊಂಡು ಕಿನ್ನಾಳಕ್ಕೆ ಬಂದರೆ ಕೆಲಸ ನೋಡಲು ಬಿಡುತ್ತಾರಾ? ಅವಳು ಆಗಲೇ ಗರುಡ ಬೇಕು ಅಂತ ಹಟ ಹಿಡಿದಿದ್ದಾಳೆ.